ಮಡುವಿನ ದಂಡೆಯ ಕಾವಲು

ಬೀಗದಮ್ಮನಿಗೆ ಅನುಮಾನವೆಂಬುದು ಕೆಟ್ಟ ಚಾಳಿಯಲ್ಲ, ಹೊಟ್ಟೆಪಾಡು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂತಿದ್ದ ಅವಳ ಅಂಗಡಿಯಲ್ಲಿ ಕೈ ಚಾಚಿದಲ್ಲೆಲ್ಲ ಕೀಲಿಕೈಗಳು. ಗೋಡೆಯ ಮೊಳೆಗಳಲ್ಲಿ ಇನ್ನೂ ಹಲ್ಲು ಕೊರೆಯದ ಕೀಲಿಗಳ ಗೊಂಚಲು, ಮೇಜಿನ ಮೇಲೆ ಬಿಚ್ಚಿಹಾಕಿದ ಬೀಗಗಳ ಹೊಟ್ಟೆಯೊಳಗಿನ ಸ್ಪ್ರಿಂಗುಗಳು, ಯಂತ್ರದ ಸುತ್ತ ಹಿತ್ತಾಳೆಯ ಪುಡಿ. ಆ ಪುಡಿ ಎಷ್ಟು ತಿಕ್ಕಿದರೂ ಹೋಗದಂತೆ ಅವಳ ಉಗುರಿನ ಸಂದಿಯಲ್ಲಿ ಮನೆ ಮಾಡಿಕೊಂಡಿತ್ತು. ಅಪ್ಪ ಕಲಿಸಿದ ಕಸುಬು. ಅಪ್ಪ ಹೋದ ಮೇಲೆ ಊರಿನವರು ಅವಳ ನಿಜವಾದ ಹೆಸರನ್ನು ಮರೆತು ಬೀಗದಮ್ಮ ಎಂದೇ ಕರೆದರು, ಅವಳೂ ಓಗೊಟ್ಟಳು.

ಬೀಗ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಯಾರಿಗೆ ತೆಗೆದುಕೊಡಬೇಕು, ಯಾರಿಗೆ ತೆಗೆದುಕೊಡಬಾರದು ಅನ್ನುವುದು ವಿದ್ಯೆ. ಮನೆ ಕೀಲಿ ಕಳೆದುಹೋಯಿತು, ಬಂದು ಬಾಗಿಲು ತೆಗೆದುಕೊಡಿ ಎಂದು ಬಂದವರನ್ನೆಲ್ಲ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು: ಬಾಗಿಲು ತೆಗೆದ ಕೂಡಲೇ ಮೊದಲು ಏನು ಕಾಣುತ್ತೆ? ಮನೆ ಅವನದೇ ಆಗಿದ್ದರೆ ಮುಖ ಸಣ್ಣ ಮಾಡಿಕೊಂಡು ಒಗೆಯದ ಬಟ್ಟೆಯ ರಾಶಿಯನ್ನೋ ಕಾಲು ಮುರಿದ ಕುರ್ಚಿಯನ್ನೋ ಹೇಳುತ್ತಿದ್ದ. ಮನೆ ಅವನದಲ್ಲದಿದ್ದರೆ ಸೋಫಾ, ಟಿವಿ ಎಂದು ಅಂಗಡಿಯ ಜಾಹೀರಾತು ಓದಿದಂತೆ ಓದುತ್ತಿದ್ದ. ಹೀಗೆ ಒಬ್ಬನನ್ನು ಅವಳು ಮಾತಿನಲ್ಲೇ ಕೂರಿಸಿಕೊಂಡು ಪೊಲೀಸರಿಗೆ ಹಿಡಿದುಕೊಟ್ಟಿದ್ದಳು. ಅಂದಿನಿಂದ ಅವಳಿಗೆ ತನ್ನ ಲೆಕ್ಕಾಚಾರದ ಮೇಲೆ ವಿಪರೀತ ನಂಬಿಕೆ. ಊರಿನ ಅರ್ಧ ಮನೆಗಳ ಬೀಗದ ಗುಟ್ಟು ಅವಳ ಕೈಯಲ್ಲಿತ್ತು, ಅವಳ ಮೇಲೆ ಮಾತ್ರ ಯಾರಿಗೂ ಎಳ್ಳಷ್ಟೂ ಸಂಶಯವಿರಲಿಲ್ಲ. ಅಂಗಡಿ ನಡೆಯುತ್ತಿದ್ದುದೇ ಆ ನಂಬಿಕೆಯ ಮೇಲೆ.

ಅವಳು ಸ್ವತಃ ನಂಬುತ್ತಿದ್ದ ಜೀವ ಜಗತ್ತಿನಲ್ಲಿ ಒಂದೇ, ಅವಳ ಅಕ್ಕ. ತಾಯಿ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ತಂಗಿಯನ್ನು ಸೊಂಟಕ್ಕೇರಿಸಿಕೊಂಡ ಅಕ್ಕ ಆಮೇಲೆ ಇಳಿಸಲೇ ಇಲ್ಲ. ಮದುವೆಯ ಮಾತು ಬಂದಾಗಲೆಲ್ಲ ತಂಗಿಯ ಕಡೆ ಬೊಟ್ಟು ಮಾಡಿ, ಇವಳನ್ನು ಯಾರ ಕೈಗೆ ಕೊಡಲಿ ಎಂದು ನಕ್ಕು ಮಾತು ತೇಲಿಸುತ್ತಿದ್ದಳು. ಪುರಸಭೆಯ ಈಜುಕೊಳದಲ್ಲಿ ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದ ಟೀಚರ್ ಅವಳು. ನಿವೃತ್ತಿಯಾದ ಮೇಲೆ, ಔಷಧಿ ಬೆರೆಸಿದ ನೀರು ಸಾಕು, ಇನ್ನೇನಿದ್ದರೂ ಹರಿಯುವ ನೀರು ಎಂದು ಊರಿನ ಹಿಂದಿನ ಬೆಟ್ಟದ ಹಾದಿಗಳನ್ನೆಲ್ಲ ತುಳಿದಳು. ಹೊಳೆ ಎಲ್ಲೆಲ್ಲಿ ಬಂಡೆಗಳ ನಡುವೆ ನಿಂತು ಮಡುವಾಗಿದೆಯೋ ಅಲ್ಲೆಲ್ಲ ಇಳಿದು ನೋಡಿದಳು. ಈಚೆಗೆ ಒಂದು ವರ್ಷದಿಂದ ಅವಳು ವಾರವಿಡೀ ಕಿಟಕಿಯ ಪಕ್ಕ ಮಂಕಾಗಿ ಕೂತಿರುತ್ತಿದ್ದಳು. ಭಾನುವಾರ ಬೆಳಿಗ್ಗೆ ಬೂಟಿನ ಲಾಡಿ ಕಟ್ಟುವಾಗ ಮಾತ್ರ ಮತ್ತೆ ಹಳೆಯ ಅಕ್ಕನಾಗುತ್ತಿದ್ದಳು. ಆ ಒಂದು ದಿನಕ್ಕಾಗಿ ಬೀಗದಮ್ಮ ವಾರದ ಉಳಿದ ದಿನಗಳನ್ನೆಲ್ಲ ನೂಕುತ್ತಿದ್ದಳು.

ಆದರೆ ಹೊಳೆಗೆ ಒಬ್ಬಿಬ್ಬರೇ ಹೋಗುವಂತಿರಲಿಲ್ಲ. ಅದು ಅಕ್ಕನೇ ಮಾಡಿದ ಕಟ್ಟುನಿಟ್ಟು. ಗುಂಪಿದ್ದರೆ ಮಾತ್ರ ನೀರು, ಮತ್ತು ಉಳಿದವರು ಇಳಿದಾಗ ಒಬ್ಬರು ದಂಡೆಯಲ್ಲಿ ಕೂರಲೇಬೇಕು. ಕೂತವರು ನೀರಿನಲ್ಲಿರುವ ತಲೆಗಳ ಮೇಲೂ ಕಣ್ಣಿಡಬೇಕು, ದಂಡೆಯಲ್ಲಿರುವ ಚೀಲಗಳ ಮೇಲೂ ಕಣ್ಣಿಡಬೇಕು. ಇದಕ್ಕೆ ಕಾವಲು ಎಂದು ಹೆಸರು, ವಾರಕ್ಕೊಬ್ಬರ ಸರದಿ. ಗುಂಪೆಂದರೆ ಮಹಾ ಗುಂಪೇನಲ್ಲ. ಅಕ್ಕತಂಗಿಯರನ್ನು ಬಿಟ್ಟರೆ, ಮಾತಿಗಿಂತ ಮೊದಲು ನಗು ಬರುವ ಟೈಲರಮ್ಮ, ಬೆಟ್ಟ ಹತ್ತುವಾಗಲೂ ಕಾಗದ ಹಂಚುವ ಗತ್ತಿನಲ್ಲೇ ನಡೆಯುವ ಪೋಸ್ಟ್‌ಮ್ಯಾನ್, ಯಾರು ಬಾಯಿ ತೆರೆದರೂ ಮಾತು ಕೇಳುವುದು ಬಿಟ್ಟು ಹಲ್ಲು ನೋಡುವ ಹಲ್ಲಿನ ಡಾಕ್ಟರು, ಇಷ್ಟೇ. ಇವರಲ್ಲಿ ಇಬ್ಬರು ಕೈಕೊಟ್ಟರೂ ಅಕ್ಕನ ಭಾನುವಾರ ಮುಗಿದಂತೆ.

ಹಾದಿ ಕೊನೆಯ ಬಸ್ ಸ್ಟಾಪಿನ ನೀರಿನ ಟ್ಯಾಂಕಿನ ಹಿಂದಿನಿಂದ ಏಳುತ್ತಿತ್ತು. ಮೊದಲು ಕಾಲಿಟ್ಟಲ್ಲಿ ಜಾರುವ ಸಡಿಲ ಕಲ್ಲಿನ ಏರು. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರ ಏದುಸಿರೇ ಮಾತು. ಆಮೇಲೆ ಮರಗಳ ನೆರಳು, ಬೇರುಗಳೇ ಮೆಟ್ಟಿಲಾದ ಜಾಗ, ಅದನ್ನು ದಾಟಿದರೆ ಒಂದು ಕವಲು. ಎಡಕ್ಕೆ ಹೋದರೆ ಕೆಳಗಿನ ಮಡು, ಹುಡುಗರ ಗದ್ದಲ. ಬಲಕ್ಕೆ ಹೋದರೆ ಮೇಲಿನ ಮಡು. ಅಲ್ಲಿ ನೀರು ಹಸಿರು, ತಳದ ಕಲ್ಲು ಎಣಿಸುವಷ್ಟು ತಿಳಿ, ಮತ್ತು ಮೂಳೆಗೆ ತಾಗುವಷ್ಟು ತಣ್ಣಗೆ. ಮೊದಲು ಧುಮುಕುವವಳು ಯಾವಾಗಲೂ ಅಕ್ಕ. ದಂಡೆಯಲ್ಲಿ ಹೆಜ್ಜೆ ಅಳೆಯುತ್ತ ನಡೆಯುವ ಮುದುಕಿ ನೀರಿಗೆ ಬಿದ್ದೊಡನೆ ಹುಡುಗಿಯಾಗುವುದನ್ನು ನೋಡಿ ಬೀಗದಮ್ಮನಿಗೆ ಪ್ರತಿ ಸಲ ಹೊಟ್ಟೆ ತುಂಬುತ್ತಿತ್ತು.

ಈ ಗುಂಪಿಗೆ ಹೊಸದಾಗಿ ಬಂದು ಸೇರಿದವನು ಲಿಫ್ಟಣ್ಣ. ಆಸ್ಪತ್ರೆಯೊಂದರ ಲಿಫ್ಟ್ ನಡೆಸಿ ನಿವೃತ್ತನಾದವನು. ಜೀವಮಾನವಿಡೀ ಮೇಲಕ್ಕೆ ಹೋಗಿದ್ದೀರಿ, ಒಂದು ಮೆಟ್ಟಿಲಾದರೂ ಹತ್ತಿದ್ದೀರಾ ಎಂದು ಪೋಸ್ಟ್‌ಮ್ಯಾನ್ ಮೊದಲ ದಿನವೇ ಕಾಲೆಳೆದ. ಲಿಫ್ಟಣ್ಣ ನಕ್ಕ, ಮಾತು ಬೆಳೆಸಲಿಲ್ಲ. ಮಡುವಿನ ಹತ್ತಿರ ಬಂದಾಗ, ತನಗೆ ಈಜು ಬಾರದು, ಸರದಿ ಗಿರದಿ ಏನೂ ಬೇಡ, ಪ್ರತಿ ವಾರವೂ ತಾನೇ ಕಾವಲು ಕೂರುತ್ತೇನೆ ಎಂದ. ಉಳಿದವರಿಗೆ ಹಾಲು ಕುಡಿದಷ್ಟು ಸಂತೋಷ. ಬೀಗದಮ್ಮನ ಕಿವಿ ಮಾತ್ರ ನಿಮಿರಿತು. ಈಜು ಬಾರದ ಮನುಷ್ಯ ಉಸಿರು ಕಟ್ಟಿಕೊಂಡು ಬೆಟ್ಟ ಹತ್ತಿ ಹೊಳೆಯ ಪಕ್ಕ ಬಂದು ಕೂರುವುದು ಕಂಡವರ ಚೀಲ ಕಾಯುವುದಕ್ಕೋ?

ಅವಳ ಅನುಮಾನಕ್ಕೆ ನೀರೆರೆಯುವಂತೆ ಸಾಮಾನುಗಳು ಕಾಣೆಯಾಗತೊಡಗಿದವು. ಮೊದಲು ಟೈಲರಮ್ಮನ ಬಾಚಣಿಗೆ ಡಾಕ್ಟರ ಚೀಲದಲ್ಲಿ ಸಿಕ್ಕಿತು. ಡಾಕ್ಟರ ತಲೆ ಬೋಳು, ಹಾಗಾಗಿ ಅಂದು ಇಳಿಯುವ ದಾರಿಯುದ್ದಕ್ಕೂ ನಗೆಯೋ ನಗೆ. ಆಮೇಲೆ ಡಾಕ್ಟರ ಕೈಗಡಿಯಾರ ಮಾಯವಾಯಿತು, ಮುಂದಿನ ಭಾನುವಾರ ಅವರ ಚೀಲದಲ್ಲೇ, ಇಟ್ಟ ನೆನಪೇ ಇಲ್ಲದ ಖಾನೆಯಲ್ಲಿ ಪ್ರತ್ಯಕ್ಷವಾಯಿತು. ಪೋಸ್ಟ್‌ಮ್ಯಾನನ ಸ್ವೆಟರ್ ಕೂಡ ಹೀಗೇ ಹೋಗಿ ಹೀಗೇ ಬಂತು. ನಗೆ ನಿಂತಿತು. ಟೈಲರಮ್ಮ ಚೀಲದ ಬಾಯಿಗೆ ಎರಡು ಗಂಟು ಹಾಕಿದಳು. ಡಾಕ್ಟರು ಬೂಟು ಬಿಚ್ಚುವಾಗಲೂ ಹಿಂದೆ ತಿರುಗಿ ನೋಡಿದರು. ಬ್ರೆಡ್ಡು ಹಂಚಿಕೊಂಡು ತಿನ್ನುವಾಗ ಎಲ್ಲರೂ ಎಲ್ಲರ ಕೈ ನೋಡತೊಡಗಿದರು. ಹೀಗೇ ಆದರೆ ನನಗೆ ಭಾನುವಾರ ಮನೆಯಲ್ಲೇ ಬೇಕಾದಷ್ಟು ಕೆಲಸವಿದೆ ಎಂದು ಡಾಕ್ಟರು ಒಮ್ಮೆ ಅಂದಾಗ ಬೀಗದಮ್ಮ ಮುಂದಿನದನ್ನು ಲೆಕ್ಕ ಹಾಕಿದಳು. ಡಾಕ್ಟರು ಬಿಟ್ಟರೆ ಟೈಲರಮ್ಮ ಬಿಡುತ್ತಾಳೆ, ಗುಂಪು ಒಡೆಯುತ್ತದೆ, ಅಕ್ಕ ಏಳು ದಿನವೂ ಕಿಟಕಿಯ ಪಾಲಾಗುತ್ತಾಳೆ. ಕಳ್ಳನನ್ನು ಹಿಡಿಯಲೇಬೇಕಿತ್ತು, ಅದೂ ಬೇಗ.

ಮನೆಯಲ್ಲೂ ಕಳ್ಳರ ಮಾತೇ. ಅಕ್ಕ ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, ಯಾರೋ ತನ್ನ ಸಾಮಾನು ತೆಗೆಯುತ್ತಿದ್ದಾರೆ, ಕಪಾಟಿಗೊಂದು ಬೀಗ ಹಾಕಿಕೊಡು ಎಂದಳು. ಇನ್ನೊಬ್ಬರಾಗಿದ್ದರೆ ಅಕ್ಕನ ಮುಖ ನೋಡುತ್ತಿದ್ದರೇನೋ. ಬೀಗದಮ್ಮ ಬಾಗಿಲು ಕಿಟಕಿ ನೋಡಿದಳು. ಗ್ಯಾಸ್ ತರುವವನನ್ನು, ಪಕ್ಕದ ಮನೆಯ ಸೊಸೆಯನ್ನು, ನೀರಿನ ಮೀಟರ್ ನೋಡಲು ಬರುವವನನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದಳು. ಅಂಗಡಿಯಲ್ಲಿದ್ದುದರಲ್ಲಿ ಒಳ್ಳೆಯ ಬೀಗ ತಂದು ಕಪಾಟಿಗೆ ಜಡಿದಳು. ಅಕ್ಕ ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು, ಮರುದಿನ ಅದೇ ಕೀಲಿಗಾಗಿ ಮನೆಯೆಲ್ಲ ಹುಡುಕಿದಳು. ವಯಸ್ಸಾಯಿತಲ್ಲ ಎಂದು ತಂಗಿ ನಕ್ಕಳು. ಹಿಂದಿನ ಭಾನುವಾರ ಕವಲಿನಲ್ಲಿ ನಿಂತು ಯಾವ ಕಡೆ ಎಂದು ಅಕ್ಕ ಕೇಳಿದ್ದಳು. ಆ ದಾರಿ ತೋರಿಸಿದವಳೇ ಅವಳು, ಹಾಗಾಗಿ ಅದನ್ನೂ ತಮಾಷೆ ಎಂದೇ ತಂಗಿ ತಿಳಿದಳು. ಭಾನುವಾರದ ಚೀಲವನ್ನು ಯಾರೂ ಮುಟ್ಟದಂತೆ ಅಕ್ಕ ತಾನೇ ಕಟ್ಟುತ್ತಿದ್ದಳು, ತಾನೇ ಬಿಚ್ಚುತ್ತಿದ್ದಳು. ಅದೂ ಸರಿಯೇ, ಕಾಲವೇ ಹಾಗಿದೆ ಎಂದುಕೊಂಡಳು ತಂಗಿ.

ಅವಳು ಲಿಫ್ಟಣ್ಣನ ಹಿಂದೆ ಬಿದ್ದಳು. ಈಜುತ್ತ ಈಜುತ್ತ ತಲೆ ಮಾತ್ರ ನೀರಿನ ಮೇಲಿಟ್ಟು ದಂಡೆಯ ಕಡೆ ನೋಡುತ್ತಿದ್ದಳು. ಅವನು ಬಂಡೆಗೊರಗಿ ಸುಮ್ಮನೆ ಕೂತಿರುತ್ತಿದ್ದ. ಕೆಲವೊಮ್ಮೆ ಎದ್ದು ಚೀಲಗಳ ಕಡೆ ಬಾಗುತ್ತಿದ್ದ, ಅಷ್ಟರಲ್ಲಿ ಇವಳ ಕಣ್ಣಿಗೆ ನೀರು ಹೊಕ್ಕು ಏನೂ ಕಾಣುತ್ತಿರಲಿಲ್ಲ. ಒಂದು ದಿನ ಅವನು ಮರಗಳ ಮರೆಗೆ ಹೋದಾಗ ಅವನ ಚೀಲವನ್ನೇ ತೆರೆದು ತಡಕಾಡಿದಳು. ಅನುಮಾನ ಪಡುವವರ ಕಣ್ಣಿಗೆ ಇದು ಕಳ್ಳತನವಲ್ಲ, ತಪಾಸಣೆ. ಸಿಕ್ಕಿದ್ದು ಒಂದು ತುಂಡು ಬ್ರೆಡ್ಡು, ನೀರಿನ ಬಾಟಲಿ, ಒಣ ಟವೆಲ್. ಈಜು ಬಾರದವನಿಗೆ ಟವೆಲ್ ಯಾಕೆ ಎಂದು ಅವಳು ಅದರ ಮೇಲೂ ಒಂದು ಸಂಶಯ ಕಟ್ಟಿದಳು. ಆ ಟವೆಲ್ಲನ್ನು ಅವನು ನೀರಿನಿಂದ ನಡುಗುತ್ತ ಬಂದವರ ಹೆಗಲಿಗೆ ಹೊದಿಸುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು, ಆದರೆ ಆಗ ನೆನಪಾಗಲಿಲ್ಲ.

ಅದೇ ದಿನ ಇಳಿಯುವಾಗ ಲಿಫ್ಟಣ್ಣ ಬೇಕೆಂದೇ ಹಿಂದುಳಿದು ಅವಳ ಜೊತೆ ಹೆಜ್ಜೆ ಹಾಕಿದ. ಮುಂದೆ ಅಕ್ಕ ಟೈಲರಮ್ಮನ ಕೈ ಹಿಡಿದು ಬೇರಿನ ಮೆಟ್ಟಿಲು ಇಳಿಯುತ್ತಿದ್ದಳು.

"ನಿಮ್ಮ ಅಕ್ಕನ್ನ ಒಂದ್ಸಲ ಡಾಕ್ಟರಿಗೆ ತೋರಿಸ್ತೀರಾ?" ಎಂದ. "ಹಲ್ಲಿನವರಿಗಲ್ಲ."

"ಯಾಕೆ? ಅವಳಿಗೇನಾಗಿದೆ?"

"ಏನೂ ಇಲ್ಲದೇನೂ ಇರಬಹುದು. ಸ್ವಲ್ಪ ಗಮನ ಇಟ್ಟಿರಿ, ಅಷ್ಟೇ."

ಬೀಗದಮ್ಮನಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಬೆಟ್ಟದಷ್ಟು ಹಾದಿ ಸವೆಸಿದ ಅಕ್ಕನಿಗೆ ಕಾಯಿಲೆ ಕಟ್ಟುವುದಕ್ಕೆ ಇವನು ಯಾರು? ಆಮೇಲೆ ಮನೆಯಲ್ಲಿ ಕಾಲು ತೊಳೆಯುವಾಗ ಹೊಳೆಯಿತು. ತಾನು ಕಣ್ಣಿಟ್ಟಿರುವುದು ಇವನಿಗೆ ಗೊತ್ತಾಗಿದೆ, ಅದಕ್ಕೇ ಬೊಟ್ಟನ್ನು ಬೇರೆ ಕಡೆ ತಿರುಗಿಸುತ್ತಿದ್ದಾನೆ, ಅದೂ ಎದುರಾಡಲಾರದ ಮುದುಕಿಯ ಕಡೆ. ಅಂಗಡಿಯಲ್ಲಿ ಇಂಥವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ವಾರವಿಡೀ ಕೀಲಿ ಕೊರೆಯುತ್ತ, ಇವನಿಗೆ ಕೇಳಬೇಕಾದ ಪ್ರಶ್ನೆಯನ್ನೂ ಹಲ್ಲು ಹಲ್ಲಾಗಿ ಕೊರೆದಿಟ್ಟಳು. ನಿಯತ್ತಿನ ಕಾವಲುಗಾರನಿಗೆ ಚೀಲಗಳ ಹೊರಗು ಗೊತ್ತಿರಬೇಕು, ಒಳಗು ಗೊತ್ತಿರಬಾರದು. ಅಷ್ಟೇ ಸಾಕು.

ಮುಂದಿನ ಭಾನುವಾರ ಮಡುವಿನ ದಂಡೆಯಲ್ಲಿ ಎಲ್ಲರೂ ಬೂಟು ಬಿಚ್ಚುವ ಗಡಿಬಿಡಿಯಲ್ಲಿದ್ದರು. ಅಕ್ಕ ಆಗಲೇ ನೀರಿನಲ್ಲಿ ಅಂಗಾತ ತೇಲುತ್ತಿದ್ದಳು. ಬೀಗದಮ್ಮ ಟೈಲರಮ್ಮನಿಗೆ ಮೊದಲೇ ಹೇಳಿ ಅವಳ ಸೂಜಿದಾರದ ಪುಟ್ಟ ತಗಡಿನ ಡಬ್ಬಿಯನ್ನು ಇಸಿದುಕೊಂಡಿದ್ದಳು. ಅದನ್ನು ಬಂಡೆಯ ಮೇಲಿಟ್ಟು, ದಾರಿಯಲ್ಲಿ ಬಿದ್ದಿತ್ತು, ಯಾರದೋ ಏನೋ ಎಂದು ಗಟ್ಟಿಯಾಗಿ, ಯಾರಿಗೂ ಅಲ್ಲ ಅನ್ನುವಂತೆ ಅಂದಳು.

ಲಿಫ್ಟಣ್ಣ ಟವೆಲ್ ಮಡಿಸುತ್ತಿದ್ದವನು ತಲೆ ಎತ್ತಿ ನೋಡಿದ. "ಟೈಲರಮ್ಮಂದು. ಒಳಗಿನ ಜಿಪ್ಪಿನ ಖಾನೆಯದು" ಎಂದ.

ಟೈಲರಮ್ಮ ನಗುವುದನ್ನು ಮರೆತು, ಅದನ್ನು ಅಲ್ಲಿಡುವುದು ತನ್ನ ಗಂಡನಿಗೂ ಗೊತ್ತಿಲ್ಲ ಎಂದಳು. ಬೀಗದಮ್ಮ ಒಂದು ಹೆಜ್ಜೆ ಮುಂದೆ ಬಂದು, ಕಡ್ಡಿ ಮುರಿದಂತೆ ಕೇಳಿದಳು: ಕಂಡವರ ಚೀಲದ ಒಳಗಿನ ಖಾನೆಯಲ್ಲಿ ಏನಿದೆ ಅಂತ ನಿಮಗೆ ಹೇಗೆ ಗೊತ್ತು? ಲಿಫ್ಟಣ್ಣನ ಬಾಯಿ ತೆರೆಯಿತು. ಅವನು ಅವಳನ್ನು ನೋಡಿದ, ನೀರಿನ ಕಡೆ ನೋಡಿದ, ಮತ್ತೆ ಅವಳನ್ನು ನೋಡಿದ. ಬಾಯಿ ಮುಚ್ಚಿಕೊಂಡ. ಆ ತಡವರಿಕೆ ಬೀಗದಮ್ಮನಿಗೆ ಚಿರಪರಿಚಿತ. ಗೆದ್ದೆ ಎಂದು ಅವಳ ಮೈ ಬೆಚ್ಚಗಾಯಿತು. ಡಾಕ್ಟರು ಮುಖ ತಿರುಗಿಸಿಕೊಂಡರು. ವಯಸ್ಸಿಗೆ ಮರ್ಯಾದೆ ಕೊಟ್ಟು ಪೊಲೀಸಿನ ಮಾತು ಎತ್ತುತ್ತಿಲ್ಲ, ಇನ್ನು ಇತ್ತ ಬರಬೇಡಿ ಎಂದು ಪೋಸ್ಟ್‌ಮ್ಯಾನ್ ಹೇಳಿಬಿಟ್ಟ.

ಲಿಫ್ಟಣ್ಣ ಬ್ರೆಡ್ಡಿನ ಪೊಟ್ಟಣ ಚೀಲಕ್ಕೆ ಹಾಕಿಕೊಂಡ. ಟವೆಲ್ಲನ್ನು ಬಂಡೆಯ ಮೇಲೇ ಬಿಟ್ಟ. ಹೊರಡುವ ಮುಂಚೆ ಬೀಗದಮ್ಮನ ಹತ್ತಿರ ಬಂದು, ಅವಳಿಗೆ ಮಾತ್ರ ಕೇಳುವಂತೆ ಹೇಳಿದ.

"ಇನ್ನು ಮೇಲೆ ಕಾವಲಿಗೆ ನೀವೇ ಕೂತ್ಕೊಳ್ಳಿ. ಬೇರೆ ಯಾರನ್ನೂ ಕೂರಿಸಬೇಡಿ."

ಎಂಥ ಕೊಬ್ಬು ಎಂದುಕೊಂಡಳು ಅವಳು. ಸಿಕ್ಕಿಬಿದ್ದ ಮೇಲೂ ಉಪದೇಶ. ಅವನು ಕೋಲೂರಿಕೊಂಡು ಇಳಿಯುವುದನ್ನು ತಿರುವಿನ ತನಕ ಕಣ್ಣು ಕೀಳದೆ ನೋಡಿ, ಆಮೇಲೆ ನೀರಿಗೆ ಇಳಿದಳು. ಅಂದಿನಷ್ಟು ಹಗುರಾಗಿ ಅವಳು ಎಂದೂ ಈಜಿರಲಿಲ್ಲ.

ಮರು ಭಾನುವಾರ ಪೋಸ್ಟ್‌ಮ್ಯಾನ್ ಕಾವಲಿಗೆ ಕೂತ. ಕೂತವನು ಬಿಸಿಲಿಗೆ ಚೆನ್ನಾಗಿ ನಿದ್ದೆ ಹೊಡೆದ. ಬಟ್ಟೆ ಹಾಕಿಕೊಳ್ಳುವಾಗ ನೋಡಿದರೆ ಡಾಕ್ಟರ ಕನ್ನಡಕ ಇಲ್ಲ. ಚೀಲಗಳನ್ನೆಲ್ಲ ಕೊಡವಿ ನೋಡಬೇಕೆಂದು ಡಾಕ್ಟರು ಹಟ ಹಿಡಿದರು, ಪೋಸ್ಟ್‌ಮ್ಯಾನ್ ತನ್ನ ಚೀಲವನ್ನು ರೊಚ್ಚಿಗೆದ್ದು ಬಂಡೆಯ ಮೇಲೆ ಕವುಚಿದ, ಟೈಲರಮ್ಮ ತನ್ನದನ್ನೂ ತೆರೆದಳು. ಅಕ್ಕನ ಚೀಲ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರಲ್ಲಿ ಮೂವರಿಗೆ ಈಜು ಕಲಿಸಿದವಳು ಅವಳು. ಬೀಗದಮ್ಮ ಮಾತ್ರ ಗಟ್ಟಿಯಾಗಿ ನಂಬಿದ್ದು, ಲಿಫ್ಟಣ್ಣ ಸೇಡಿಗೆ ಮರಗಳ ಮರೆಯಿಂದ ಬಂದಿದ್ದಾನೆ ಎಂದು. ಇಳಿಯುವಾಗ ಮಣ್ಣಿನಲ್ಲಿ ಹೆಜ್ಜೆ ಗುರುತು ಹುಡುಕಿದಳು, ಎಲ್ಲವೂ ತಮ್ಮದೇ. ಮನೆಗೆ ಬಂದು ಮುಂಬಾಗಿಲಿನ ಬೀಗ ಬದಲಾಯಿಸಿದಳು.

ಕನ್ನಡಕ ವಾಪಸ್ ಬರಲಿಲ್ಲ. ಲಿಫ್ಟಣ್ಣ ಇದ್ದಾಗ ಹೋದದ್ದೆಲ್ಲ ಬರುತ್ತಿತ್ತು, ಈಗ ಹೋದದ್ದು ಹೋಯಿತು. ಇದು ಬೀಗದಮ್ಮನ ತಲೆಯಲ್ಲಿ ಹುಳದಂತೆ ಹರಿದಾಡಿತು. ಕದಿಯುವವನು ವಾಪಸ್ ಯಾಕೆ ಇಡುತ್ತಿದ್ದ ಎಂದು ಅವಳು ಅಲ್ಲಿಯವರೆಗೆ ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಕೇಳಿಕೊಂಡ ದಿನ ಅಂಗಡಿಯಲ್ಲಿ ಎರಡು ಕೀಲಿ ತಪ್ಪಾಗಿ ಕೊರೆದಳು. ಡಾಕ್ಟರು ಶನಿವಾರ ಅಂಗಡಿಗೇ ಬಂದು, ಟೀಚರ್ ಮುಖ ನೋಡಿ ಇದೊಂದು ಸಲ ಬರುತ್ತೇನೆ, ಇನ್ನೊಂದು ಸಾಮಾನು ಹೋದರೆ ಇದೇ ಕೊನೆ, ಟೈಲರಮ್ಮನದೂ ಅದೇ ಮಾತು ಎಂದು ಹೇಳಿಹೋದರು. ಅಂದು ರಾತ್ರಿ ಅಕ್ಕ ಬೂಟಿಗೆ ಪಾಲಿಶ್ ಹಾಕಿ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದನ್ನು ನೋಡಿ, ನಾಳೆ ಕಾವಲಿಗೆ ತಾನೇ ಕೂರುವುದೆಂದು ಬೀಗದಮ್ಮ ನಿಶ್ಚಯಿಸಿದಳು.

ಮಡುವಿಗೆ ಬಂದು ಎಲ್ಲರೂ ನೀರಿಗಿಳಿದರು. ಬೀಗದಮ್ಮ ಲಿಫ್ಟಣ್ಣ ಕೂರುತ್ತಿದ್ದ ಬಂಡೆಗೇ ಒರಗಿ, ಬಿಸಿಲಿಗೆ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಕೂತಳು. ಕಣ್ಣು ಮಾತ್ರ ಮರಗಳ ಕಡೆ. ಎಲೆ ಅಲುಗಿದರೂ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಕಳ್ಳ ಬಂದರೆ ಆ ಕಡೆಯಿಂದಲೇ ಬರಬೇಕು.

ಬಂದದ್ದು ನೀರಿನ ಕಡೆಯಿಂದ. ಅಕ್ಕ ಉಳಿದವರಿಗಿಂತ ಮೊದಲೇ ಮೇಲೆ ಬಂದಳು. ತುಟಿ ನೀಲಿಗಟ್ಟಿತ್ತು, ಕೂದಲಿನಿಂದ ನೀರು ಇಳಿಯುತ್ತಿತ್ತು. ನೇರವಾಗಿ ಚೀಲಗಳ ಹತ್ತಿರ ಹೋದಳು. ತನ್ನ ಚೀಲದ ಹತ್ತಿರ ಅಲ್ಲ, ಟೈಲರಮ್ಮನ ಚೀಲದ ಹತ್ತಿರ. ಕೂತು, ಎರಡೂ ಗಂಟು ನಿಧಾನವಾಗಿ ಬಿಚ್ಚಿ, ಒಳಗಿನ ಖಾನೆಯಿಂದ ಸೂಜಿದಾರದ ಡಬ್ಬಿ ತೆಗೆದು, ತಿರುಗಿಸಿ ನೋಡಿ, ತನ್ನ ಚೀಲದೊಳಗೆ ಇಟ್ಟುಕೊಂಡಳು. ಅವಸರವಿಲ್ಲ, ಅಂಜಿಕೆಯಿಲ್ಲ. ಮನೆಯಲ್ಲಿ ಒಣಗಿದ ಬಟ್ಟೆ ಮಡಿಸಿ ಕಪಾಟಿಗೆ ಇಡುವಾಗ ಅವಳ ಕೈ ಹೇಗೆ ಆಡುತ್ತಿತ್ತೋ ಹಾಗೇ ಆಡುತ್ತಿತ್ತು.

ಅಕ್ಕ ತಮಾಷೆ ಮಾಡುತ್ತಿದ್ದಾಳೆ ಎಂದು ಬೀಗದಮ್ಮನ ಮನಸ್ಸು ಹೇಳಿತು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಹೇಳಿತು. ಊರಿನ ಸುಳ್ಳನ್ನೆಲ್ಲ ಒಂದು ಪ್ರಶ್ನೆಯಲ್ಲಿ ಹಿಡಿಯುತ್ತಿದ್ದವಳಿಗೆ ತನ್ನ ಮನಸ್ಸಿನ ಈ ಸುಳ್ಳುಗಳನ್ನು ಹಿಡಿಯಲು ಆಗಲಿಲ್ಲ. ಅಷ್ಟರಲ್ಲಿ ಅಕ್ಕ ತಲೆ ಎತ್ತಿ ಅವಳನ್ನು ನೋಡಿದಳು, ಮಕ್ಕಳನ್ನು ಕೊಳಕ್ಕೆ ಬಿಡಲು ಬಂದ ತಂದೆತಾಯಿಗಳನ್ನು ನೋಡಿ ನಗುತ್ತಿದ್ದಂತೆ ಒಂದು ಮರ್ಯಾದೆಯ ನಗೆ ನಕ್ಕಳು.

"ನೀವು ಹೊಸಬರಾ?" ಎಂದಳು.

ಹುಟ್ಟಿದಾಗಿನಿಂದ ಅಕ್ಕ ಅವಳಿಗೆ ನೀವು ಎಂದಿರಲಿಲ್ಲ. ಬೀಗದಮ್ಮ ಟೋಪಿ ತೆಗೆದಳು. ಅಕ್ಕನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ನಿಂತು, ಅಲ್ಲಿ ಏನೂ ಸಿಗದೆ, ಜಾರಿತು.

"ಮೊದಲು ಒಬ್ಬರು ಇದ್ರಲ್ಲ, ಅವರು ಬರಲಿಲ್ವಾ? ತುಂಬಾ ಒಳ್ಳೆಯವರು. ನಾನೇನಾದ್ರೂ ಮರೆತು ತಗೊಂಡ್ರೆ ಅವರೇ ವಾಪಸ್ ಇಟ್ಟುಬಿಡ್ತಿದ್ರು. ಒಂದಿನಾನೂ ಬೈದೋರಲ್ಲ." ಅಕ್ಕ ಸರಿದು ಬಂದು ಅವಳ ಪಕ್ಕದಲ್ಲೇ ಕೂತಳು. ದನಿ ಇಳಿಸಿದಳು. "ನನ್ನ ತಂಗಿಗೆ ಮಾತ್ರ ಹೇಳಬೇಡಿ. ಅವಳಿಗೆ ಗೊತ್ತಾದ್ರೆ ನನ್ನನ್ನ ಇಲ್ಲಿಗೆ ಕರ್ಕೊಂಡು ಬರಲ್ಲ. ಪಾಪ, ಅವಳು ಯಾರನ್ನೂ ನಂಬಲ್ಲ. ನಂಬೋದು ನನ್ನೊಬ್ಬಳನ್ನೇ."

"ಹೇಳಲ್ಲ" ಎಂದಳು ಬೀಗದಮ್ಮ.

ಅಕ್ಕನಿಗೆ ಸಮಾಧಾನವಾಯಿತು. ಟವೆಲ್ ತೆಗೆದುಕೊಂಡು ತಲೆ ಒರೆಸಿಕೊಳ್ಳತೊಡಗಿದಳು. ಟವೆಲ್ ಅವಳ ಕಣ್ಣು ಮುಚ್ಚಿದ್ದಾಗ ಬೀಗದಮ್ಮ ಅವಳ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದಳು. ಮೊಣಕಾಲಿನ ಮೇಲೆ ತೆವಳಿಕೊಂಡು ಟೈಲರಮ್ಮನ ಚೀಲದ ಹತ್ತಿರ ಹೋದಳು. ಒಳಗಿನ ಖಾನೆಯ ಜಿಪ್ಪಿಗೆ ಕೈ ಹಾಕಿದಳು. ಪ್ರತಿ ಭಾನುವಾರ ಆ ಮನುಷ್ಯ ಹೀಗೇ ತೆವಳಿ ಬಂದು ಹೀಗೇ ಇಟ್ಟಿರಬೇಕು. ಅವನನ್ನು ಎಲ್ಲರ ಎದುರು ನಿಲ್ಲಿಸಿ ಕೇಳಿದಾಗ ಅವನು ನೀರಿನ ಕಡೆ ನೋಡಿದ್ದು ಯಾಕೆಂದು ಈಗ ಅವಳಿಗೆ ತಿಳಿಯಿತು.

"ಬೀಗದಮ್ಮಾ?"

ಟೈಲರಮ್ಮ ನೀರಿನಿಂದ ಎದ್ದು ಬಂದು ಹಿಂದೆ ನಿಂತಿದ್ದಳು. ಅವಳ ಹಿಂದೆ ಡಾಕ್ಟರು, ಪೋಸ್ಟ್‌ಮ್ಯಾನ್. ಮೂವರ ಕಣ್ಣೂ ಅವಳ ಕೈಯಲ್ಲಿದ್ದ ಡಬ್ಬಿಯ ಮೇಲೆ, ತೆರೆದ ಚೀಲದ ಮೇಲೆ. ಟೈಲರಮ್ಮನ ಮುಖದಲ್ಲಿ ಕೋಪ ಇರಲಿಲ್ಲ, ಹೆದರಿಕೆ ಇತ್ತು.

ಕೆಳಗೆ ಬಿದ್ದಿತ್ತು, ಎತ್ತಿಡುತ್ತಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ನಂಬುತ್ತಿದ್ದರು, ಅವಳನ್ನು ನಂಬದೆ ಯಾರನ್ನು ನಂಬುತ್ತಾರೆ? ಆದರೆ ಆಗ ಕಳ್ಳ ಎಂದೆಂದಿಗೂ ಲಿಫ್ಟಣ್ಣನೇ ಆಗಿ ಉಳಿಯುತ್ತಿದ್ದ. ಮುಂದಿನ ವಾರ ಮತ್ತೊಂದು ಸಾಮಾನು ಹೋಗುತ್ತಿತ್ತು, ಗುಂಪು ಒಡೆಯುತ್ತಿತ್ತು, ಇಲ್ಲವೇ ಯಾರಾದರೊಬ್ಬರು ಧೈರ್ಯ ಮಾಡಿ ಟೀಚರ್ ಚೀಲ ಬಿಚ್ಚುತ್ತಿದ್ದರು. ಅಕ್ಕ ಆ ದಿನ ಎಲ್ಲರ ನಡುವೆ ಯಾವ ಮುಖ ಹೊತ್ತು ನಿಲ್ಲುತ್ತಾಳೆ ಎಂದು ಬೀಗದಮ್ಮನಿಗೆ ನೆನೆಯಲೂ ಆಗಲಿಲ್ಲ. ಅವಳು ಎದ್ದು ನಿಂತಳು.

"ಲಿಫ್ಟಣ್ಣ ಏನನ್ನೂ ತೆಗೆದಿಲ್ಲ. ಇಷ್ಟು ದಿನ ತೆಗೀತಿದ್ದದ್ದು ನಾನು" ಎಂದಳು. "ಡಾಕ್ಟರೇ, ನಿಮ್ಮ ಕನ್ನಡಕ ಮನೇಲಿರಬೇಕು, ತಂದುಕೊಡ್ತೀನಿ. ನಾನಿನ್ನು ಬರೋದಿಲ್ಲ. ಲಿಫ್ಟಣ್ಣನ ಕಾಲು ಹಿಡಿದಾದ್ರೂ ಒಪ್ಪಿಸ್ತೀನಿ, ಕಾವಲಿಗೆ ಅವರೇ ಕೂರಲಿ. ಟೀಚರನ್ನ ಮಾತ್ರ ಬಿಡಬೇಡಿ. ಭಾನುವಾರ ತಪ್ಪಿಸಬೇಡಿ."

ಟೈಲರಮ್ಮ ಮೆಲ್ಲಗೆ, ನಮ್ಮನೆ ಬೀಗ ಹಾಕಿಕೊಟ್ಟಿದ್ದು ನೀವೇ ಅಲ್ವಾ ಎಂದಳು. ಹೌದೆಂದು ತಲೆಯಾಡಿಸಿದಳು ಬೀಗದಮ್ಮ. ನಾಳೆ ಬೆಳಗಾಗುವುದರೊಳಗೆ ಈ ಮಾತು ಪೇಟೆ ಬೀದಿಗೆ ಇಳಿದಿರುತ್ತದೆ, ಇನ್ನು ತನ್ನ ಅಂಗಡಿಯ ಮೆಟ್ಟಿಲು ಯಾರೂ ಹತ್ತುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಟವೆಲ್ಲನ್ನು ಮುಖದಿಂದ ಇಳಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕಾವಲಿಗೆ ಕೂತಿದ್ದ ಹೆಂಗಸನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಕೈ ಚಾಚಿ ತನ್ನ ಚೀಲವನ್ನು ಅವಳಿಂದ ಸ್ವಲ್ಪ ದೂರಕ್ಕೆ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.